ಮೇನು ಎಳೆದರೂ ಮರೆಯದ ಕಂಪ್ಯೂಟರ್

ಉಳಿಯಿತು! ನನ್ನ ಮೊಮ್ಮಗಳು ಬರೆದ ಪ್ರೋಗ್ರಾಂ ಅವಳ ಸೋದರಮಾವನ ಚಾಕಿ ಮನೆಯಲ್ಲಿ ಉಳಿಯಿತು! ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ಮೊನ್ನೆ ಬೆಳಿಗ್ಗೆ ಅಂಗಳದ ತುಂಬ ರೈತರು ನಿಂತಿರುವಾಗ ಅದು ಒಬ್ಬರ ಹೆಸರನ್ನೂ ತಪ್ಪಿಸದೆ, ಒಬ್ಬರ ಹುಳವನ್ನು ಇನ್ನೊಬ್ಬರಿಗೆ ಕೊಡಿಸದೆ, ಕೊನೆಯ ತಟ್ಟೆಯವರೆಗೂ ನಿಭಾಯಿಸಿತು. ಮಾವನೇ ಎಲ್ಲರ ಮುಂದೆ, "ಇದು ಇನ್ಮೇಲೆ ನಮ್ಮನೇಲೇ ಇರ್ಲಿ ಕಣವ್ವ" ಅಂದ. ನನಗೆ ಅಲ್ಲೇ ಒಂದು ಸುತ್ತು ಕುಣಿಯಬೇಕು ಅನ್ನಿಸಿತು, ಮಂಡಿ ಒಪ್ಪಲಿಲ್ಲ. ಮೊನ್ನೆಯಿಂದ ಎದುರು ಸಿಕ್ಕವರಿಗೆಲ್ಲ ಹೇಳಿ ಹೇಳಿ ನಾಲಿಗೆ ಒಣಗಿದೆ. ಸಂತೋಷ ಮಾತ್ರ ಒಣಗಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಮ್ಮದು ಕೊತ್ತತ್ತಿ. ನಾಲೆ ನೀರು, ಗದ್ದೆ, ಕಬ್ಬು. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಅಷ್ಟರಲ್ಲಿ ಕಲಿತ ಅಕ್ಷರವನ್ನು ಬಸ್ಸಿನ ಬೋರ್ಡು, ಔಷಧಿ ಡಬ್ಬಿ, ಲಗ್ನಪತ್ರಿಕೆ ಓದಿಯೇ ಉಳಿಸಿಕೊಂಡವಳು. ಮೊಮ್ಮಗಳು ಹಾಗಲ್ಲ. ಮಂಡ್ಯದ ಕಾಲೇಜಿನಲ್ಲಿ ಕಂಪ್ಯೂಟರ್ ಓದಿದಳು. ಓದು ಮುಗಿದ ಮೇಲೆ ನಮ್ಮ ಜಗಲಿಯ ಮೂಲೆಗೆ ಒಂದು ಮೇಜು ಹಾಕಿಕೊಂಡು, "ಇದೇ ನನ್ನ ಆಫೀಸು ಅಜ್ಜಿ, ಇಲ್ಲಿ ಕಾಳು ಹರಡಬೇಡ" ಅಂತ ನನಗೇ ಕಾನೂನು ಮಾಡಿದಳು. ನಾನೂ ಬಿಡಲಿಲ್ಲ. ಮೇಜಿನ ಕೆಳಗೆ ಹರಡಿದೆ.

ಅವಳ ತಾಯಿ, ಅಂದರೆ ನನ್ನ ಸೊಸೆ, ಮಳವಳ್ಳಿ ಕಡೆಯ ಹಳ್ಳಿಯವಳು. ಅಲ್ಲಿ ಅವಳ ಅಣ್ಣ ಚಾಕಿ ಮನೆ ಇಟ್ಟಿದ್ದಾನೆ. ಚಾಕಿ ಮನೆ ಅಂದರೆ ರೇಷ್ಮೆ ಹುಳದ ಬಾಣಂತಿ ಮನೆ ಅನ್ನಿ. ಮೊಟ್ಟೆಯೊಡೆದ ಹುಳ ಇರುವೆಯಷ್ಟೂ ಇರುವುದಿಲ್ಲ. ಅದನ್ನು ಬೆಚ್ಚಗಿನ ಕೋಣೆಯಲ್ಲಿ ತಟ್ಟೆಗಳ ಮೇಲಿಟ್ಟು, ಎಳೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿ, ಎರಡನೇ ಜ್ವರ ಏಳುವವರೆಗೆ ಸಾಕುತ್ತಾರೆ. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಂಕಾಗಿ ಕೂರುವುದಕ್ಕೆ ಜ್ವರ ಅನ್ನುವುದು. ಅದು ಎದ್ದ ಮೇಲೆ ಮುಂಚೆಯೇ ಹೇಳಿಟ್ಟ ರೈತರು ಬಂದು ತಂತಮ್ಮ ತಟ್ಟೆ ಒಯ್ಯುತ್ತಾರೆ. ಅವರು ತೋಟದ ಸೊಪ್ಪನ್ನು ಆ ದಿನಕ್ಕೆ ಸರಿಯಾಗಿ ಬರಿಸಿಟ್ಟಿರುತ್ತಾರೆ. ಹುಳ ಸಿಗದಿದ್ದರೆ ಸೊಪ್ಪು ಬಲಿತು ದಂಡ. ಹುಳಕ್ಕೂ, "ತಾಳಪ್ಪ, ನಿನ್ನ ಯಜಮಾನ ಯಾರು ಅಂತ ನೋಡಿ ಹೇಳ್ತೀವಿ" ಅಂದರೆ ಅರ್ಥವಾಗುವುದಿಲ್ಲ. ಅದಕ್ಕೆ ಹೊಟ್ಟೆ ಒಂದೇ ಗೊತ್ತು.

ಈ ಯಾರು, ಯಾವೂರು, ಯಾವ ದಿನ, ಯಾವ ತಟ್ಟೆ ಅನ್ನುವುದನ್ನು ಮಾವ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದ. ಒಂದು ಸಲ ಹುಳದ ಮನೆ ತೊಳೆಯುವ ಹೆಂಗಸರು ಗೋಡೆಯನ್ನೂ ತೊಳೆದರು. ಆ ಕಥೆಯನ್ನು ಹಬ್ಬದಲ್ಲಿ ಅವನು ನಗುನಗುತ್ತಾ ಹೇಳುತ್ತಿದ್ದಾಗ ನಮ್ಮ ಹುಡುಗಿ ಎದ್ದು, "ಮಾವ, ನಾನು ನಿಮಗೆ ಒಂದು ಪ್ರೋಗ್ರಾಂ ಮಾಡಿಕೊಡ್ತೀನಿ" ಅಂದಳು. ಅವರ ಆಫೀಸು ಕೋಣೆಯಲ್ಲಿ ಯಾವುದೋ ಕಾಲದ ಕಂಪ್ಯೂಟರು ಒಂದು ಇತ್ತು. ಮೊಬೈಲಿಗೆ ಮಾಡೋಣ ಅಂದರೆ ತಗ್ಗಿನ ತೋಟದ ನಡುವಿನ ಆ ಮನೆಯಲ್ಲಿ ಸಿಗ್ನಲ್ ನಿಲ್ಲುವುದಿಲ್ಲ. ಹಾಗಾಗಿ ನೆಟ್ಟಿನ ಹಂಗಿಲ್ಲದೆ ಆ ಕಂಪ್ಯೂಟರಿನೊಳಗೇ ಕೂತು ಕೆಲಸ ಮಾಡುವಂಥದ್ದು ಬೇಕಾಯಿತು. ಬೇರೆಯವರ ಬದುಕು ನಂಬಿಕೊಳ್ಳುವಂಥ ಕೆಲಸ ಅವಳಿಗೆ ಅದೇ ಮೊದಲು.

ಅವಳು ಬರೆದಳು, ನಾನು ಒತ್ತಿದೆ. ಹೌದು, ಒತ್ತಿ ನೋಡುವ ಕೆಲಸ ನನ್ನದು. "ನೀನು ಹೆಂಗೆ ಬೇಕೋ ಹಂಗೆ ಒತ್ತು ಅಜ್ಜಿ, ನಾನು ಏನೂ ಹೇಳಿಕೊಡಲ್ಲ" ಅನ್ನುತ್ತಿದ್ದಳು. ನಾನು ಕನ್ನಡಕ ಹಾಕಿಕೊಂಡು, ಒಬ್ಬ ರೈತನ ಹೆಸರು ಹುಡುಕಿ ಹುಡುಕಿ ಹಾಕಿ, 'ಉಳಿಸು' ಅನ್ನುವ ಗುಂಡಿಯನ್ನು ಒತ್ತಿದೆ. ಅದು ಸುಮ್ಮನಿತ್ತು. ಮತ್ತೆ ಒತ್ತಿದೆ. ಇನ್ನೊಮ್ಮೆ ಒತ್ತಿದೆ. ನೋಡಿದರೆ ಅದೇ ರೈತ ಸಾಲಾಗಿ ಮೂರು ಸಲ ನಿಂತಿದ್ದಾನೆ!

"ಒಂದ್ಸಲ ಒತ್ತಿದ್ರೆ ಸಾಕಿತ್ತು ಅಜ್ಜಿ."

"ಅದು ಊಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ. ನಿಮ್ ತಾತನ್ನೇ ಒಂದ್ಸಲ ಕೂಗಿದ್ರೆ ಓಗೊಡ್ತಾರಾ?"

ಒಳಗಿನಿಂದ ತಾತ, "ಏನಮ್ಮಿ, ಕೂಗಿದ್ಯಾ?" ಅಂದರು. ಹುಡುಗಿ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ ಯೋಚನೆ ಮಾಡುತ್ತ ಕುಳಿತು, ತಪ್ಪು ನನ್ನದಲ್ಲ ಅಂತ ಅವಳೇ ಹೇಳಿದಳು. ಒಳಗೆ ಬರೆದಿಡುವ ಕೆಲಸವನ್ನೂ ಹೊರಗೆ ಮುಖ ತೋರಿಸುವ ಕೆಲಸವನ್ನೂ ಒಬ್ಬನ ತಲೆಗೇ ಕಟ್ಟಿದ್ದಳಂತೆ. ಅವನು ಒಳಗೆ ಬರೆಯುತ್ತಿರುವಾಗ ಹೊರಗೆ ನಾವು ಎಷ್ಟು ಒತ್ತಿದರೂ ಪರದೆ ಕಲ್ಲಿನ ಹಾಗೆ ಕೂತಿರುತ್ತದೆ. ಒತ್ತಿದ್ದೆಲ್ಲ ಮಾತ್ರ ಸಾಲಿನಲ್ಲಿ ಕಾಯುತ್ತಿರುತ್ತದೆ. ಮದುವೆ ಮನೆಯಲ್ಲಿ ಅನ್ನ ಬಸಿಯುವವನೇ ಬಾಗಿಲಲ್ಲಿ ನಿಂತು "ಬನ್ನಿ ಬನ್ನಿ" ಅನ್ನಲಿ ಅಂದರೆ ಆದೀತೇ? ಅವಳು ಒಳಗಿನ ಕೆಲಸಕ್ಕೆ ಬೇರೆ ಆಳು, ಬಾಗಿಲಿಗೆ ಬೇರೆ ಆಳು ಮಾಡಿದಳು. ಮಾರನೆಯ ದಿನ ಒತ್ತಿದರೆ ಗುಂಡಿ ಬಣ್ಣ ಕಳೆದುಕೊಂಡು, 'ಬರೆಯುತ್ತಿದ್ದೇನೆ, ತಾಳಿ' ಅನ್ನುವ ಮಾತು ಬಂತು. ಎರಡನೇ ಸಲ ಒತ್ತೋಣವೆಂದರೆ ಗುಂಡಿ ಬಗ್ಗುವುದೇ ಇಲ್ಲ! ಮರ್ಯಾದೆ ಕಲಿತ ಪ್ರೋಗ್ರಾಂ ಅಂತ ಅವತ್ತೇ ನನಗೆ ಅದರ ಮೇಲೆ ಪ್ರೀತಿ ಬಂತು.

ಮಾವನ ಮನೆಗೆ ಒಯ್ದು ಹಾಕಿದ ದಿನ ಅದು ತೆರೆಯಲೇ ಇಲ್ಲ. ಜಗಲಿಯ ಮೇಲೆ ಓಡಿದ್ದು ಅಲ್ಲಿ ಯಾಕೆ ಓಡದು? ಅದು ಒರಗಿ ನಿಲ್ಲುವ ಇನ್ನೇನೋ ಸಾಮಾನು ಅವಳ ಲ್ಯಾಪ್‌ಟಾಪಿನಲ್ಲಿ ಮೊದಲೇ ಇತ್ತಂತೆ, ಅಲ್ಲಿ ಇರಲಿಲ್ಲ. ನೆಂಟರ ಮನೆಯಲ್ಲಿ ಒಬ್ಬಟ್ಟು ಮಾಡುತ್ತೇನೆ ಅಂತ ಹೂರಣದ ಸಮೇತ ಹೋಗಿ, ಅಲ್ಲಿ ಹಂಚೇ ಇಲ್ಲ ಅಂದ ಹಾಗೆ. ಆಮೇಲಿಂದ ಹಂಚನ್ನೂ ಗಂಟಿನಲ್ಲೇ ಕಟ್ಟಿಕೊಂಡು ಹೋಗುವುದು ಕಲಿತಳು. ತೆರೆದ ಮೇಲೆ ಕನ್ನಡ ಅಕ್ಷರಗಳ ಬದಲು ಬರೀ ಚೌಕಗಳು ಕಂಡವು. ಅಕ್ಷರದ ಅಚ್ಚನ್ನೂ ಗಂಟಿಗೆ ಸೇರಿಸಿದಳು. ಅಷ್ಟರಲ್ಲಿ ಮಾವ, "ಎಲ್ಲವ್ವ ಆ ಉಳಿಸೋ ಗುಂಡಿ?" ಅಂದ. ಹಳೆಯ ಪರದೆ ಗಿಡ್ಡ, ಗುಂಡಿ ಅದರ ಅಂಚಿನ ಕೆಳಗೆ ಬಾವಿಗೆ ಬಿದ್ದ ಹಾಗೆ ಕಾಣೆಯಾಗಿತ್ತು. ಅದನ್ನೂ ಮೇಲಕ್ಕೆ ಎತ್ತಿದಳು. ಒಂದೊಂದು ತೊಡಕು ಬಿಡಿಸಿದಾಗಲೂ ಅವಳ ಬೆನ್ನು ಒಂದಿಷ್ಟು ನೆಟ್ಟಗಾಗುವುದನ್ನು ನಾನು ಕಂಡಿದ್ದೇನೆ.

ಬಂತು ನೋಡಿ ಆಮೇಲೆ ನಿಜವಾದ ತೊಡಕು.

ಪ್ರೋಗ್ರಾಂ ಹಾಕಿದ ಮೊದಲನೇ ಬೆಳೆಯಲ್ಲಿ ಹುಳ ಹಂಚುವ ದಿನ ಇಬ್ಬರು ರೈತರು ಒಂದೇ ತಟ್ಟೆಗಳ ಮುಂದೆ ನಿಂತರು. ಮೊದಲು ಹೇಳಿಟ್ಟವನ ಹೆಸರು ಕಂಪ್ಯೂಟರಿನಲ್ಲಿ ಮಾಯವಾಗಿತ್ತು. ತಟ್ಟೆ ಖಾಲಿ ಇದೆ ಅಂತ ಅದು ಇನ್ನೊಬ್ಬನಿಗೆ ಕೊಟ್ಟಿತ್ತು. ಇಬ್ಬರ ತೋಟದಲ್ಲೂ ಸೊಪ್ಪು ಸಿದ್ಧ, ಇಬ್ಬರ ಆಟೋನೂ ಬಾಗಿಲಲ್ಲಿ. ಮಾತಿಗೆ ಮಾತು ಬೆಳೆದು ಮಾವನ ಅಂಗಿ ಹಿಡಿಯುವುದೊಂದು ಬಾಕಿ. ಮಾವ ಬೇರೆ ಚಾಕಿ ಮನೆಯವರ ಕೈಕಾಲು ಹಿಡಿದು ಹುಳ ತಂದುಕೊಟ್ಟು ಮಾನ ಉಳಿಸಿಕೊಂಡ. ಆಮೇಲೆ ತಂಗಿಗೆ ಫೋನು ಹಚ್ಚಿದ. ನನ್ನ ಸೊಸೆ ಅದನ್ನು ಜೋರು ಮಾಡಿಟ್ಟಿದ್ದರಿಂದ ನಮಗೆಲ್ಲ ಕೇಳಿಸಿತು.

"ನಿನ್ ಮಗ್ಳು ಆಟಕ್ಕೆ ನನ್ನ ಉಳ ಬೇಕಿತ್ತಾ? ಗ್ವಾಡೆ ತೊಳದ್ರೆ ಒಂದ್ಸಲ ಓಯ್ತಿತ್ತು. ಇದು ದಿನಾ ಬೆಳಿಗ್ಗೆ ಒಂದೊಂದ್ ಎಸ್ರು ತಿಂತದೆ!"

"ಅಣ್ಣಾ, ಕೂಸು ಎದುರ್ಗೆ ಕುಂತವ್ಳೆ..."

"ಕುಂತಿರ್ಲಿ, ಕೇಳ್ಲಿ. ಬರೋ ಬೆಳೆ ಉಳ ಅಂಚೋ ದಿನ ನೋಡ್ತೀನಿ. ಸರಿ ಬಂತಾ, ಇಟ್ಕತೀನಿ. ಇಲ್ಲಾಂದ್ರೆ ಆ ಕಂಪ್ಯೂಟ್ರು ಮೇಲೆ ಗೋಣಿಚೀಲ ಒದಿಸಿ ಸೀಮೆಸುಣ್ಣ ತತ್ತೀನಿ."

ಸೊಸೆ ಫೋನಿಟ್ಟು ಒಳಗೆ ಹೋದಳು. ತವರಿನ ಮಾತು, ಮಗಳ ಮಾತು, ಎರಡರ ನಡುವೆ ಸಿಕ್ಕಿಕೊಂಡಿದ್ದಾಳೆ ಅನ್ನುವುದು ಪಾತ್ರೆ ತೊಳೆಯುವ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಹುಡುಗಿ ಮಾತ್ರ ಅಳಲಿಲ್ಲ. "ದಿನಾ ಬೆಳಿಗ್ಗೆ ಅಂದ್ರು ಅಲ್ವಾ ಅಜ್ಜಿ? ಹಂಗಾದ್ರೆ ರಾತ್ರಿಗೂ ಬೆಳಿಗ್ಗೆಗೂ ನಡುವೆ ಏನೋ ಆಗ್ತಿದೆ" ಅಂದಳು. ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದಳು, ತೆಗೆದು ನೋಡಿದಳು, ಮುಚ್ಚಿ ತೆರೆದು ನೋಡಿದಳು. ನಾನು ಒತ್ತಿದೆ, ತಾತನ ಕೈಲೂ ಒತ್ತಿಸಿದಳು. ನಮ್ಮ ಜಗಲಿಯಲ್ಲಿ ಒಂದು ಹೆಸರೂ ಅಳಿಯಲಿಲ್ಲ. ಬೇರೆಯವರ ಮನೆಯಲ್ಲಿ ರಚ್ಚೆ ಹಿಡಿದು ನಮ್ಮ ಮನೆಯಲ್ಲಿ ನಗುವ ಮಗುವಿನಂತೆ ಆಡಿತು ಅದು.

"ಇಲ್ಲೇ ಕುಂತು ನೋಡಿದ್ರೆ ಆಗಲ್ಲ ಮಗಾ. ಅಲ್ಲಿಗೇ ಓಗಿ ಒಂದಿಡೀ ದಿನ ಕುಂತ್ಕಳಣ ನಡಿ" ಅಂದೆ ನಾನು. ಅವಳೂ ಅದನ್ನೇ ಯೋಚಿಸಿದ್ದಳಂತೆ. ಒಬ್ಬಳೇ ಹೋಗಿ ಮಾವನ ಮುಖ ನೋಡಲು ಧೈರ್ಯ ಸಾಲದೆ ಇದ್ದಳು. ಮಂಡ್ಯಕ್ಕೆ ಬಂದು ಮಳವಳ್ಳಿ ಬಸ್ಸು ಹತ್ತಿದೆವು. ಕಿಟಕಿ ಪಕ್ಕ ಕುಳಿತು ದಾರಿಯುದ್ದಕ್ಕೂ ತನ್ನಲ್ಲೇ ಲೆಕ್ಕ ಹಾಕುತ್ತಿದ್ದಳು. ನಾನು ಬೀಗರಿಗೆ ಒಯ್ದಿದ್ದ ಚಕ್ಕುಲಿ ಡಬ್ಬಿಯಿಂದ ಒಂದೊಂದೇ ತೆಗೆದು ಅವಳ ಕೈಗಿಟ್ಟೆ. ಇಳಿಯುವ ಹೊತ್ತಿಗೆ ಡಬ್ಬಿಯಲ್ಲಿ ಬೀಗರಿಗೆ ಸ್ವಲ್ಪವೇ ಉಳಿದಿತ್ತು.

ಮಾವ ಬಾಗಿಲಲ್ಲೇ, "ಬನ್ನಿ ಅತ್ತೆಮ್ಮ. ಏನು, ಮೊಮ್ಮಗಳ ಕಡೆ ವಕೀಲಿಕೆಗೆ ಬಂದ್ರಾ?" ಅಂದ.

"ವಕೀಲಿಕೆ ಅಲ್ಲ ಕಣಪ್ಪ, ಕಾವಲಿಗೆ. ನಿಮ್ಮನೇಲಿ ಎಸ್ರು ತಿನ್ನೋ ದೆವ್ವ ಯಾವ್ದು ಅಂತ ನೋಡಣ ಅಂತ."

"ದೆವ್ವ ನಿಮ್ ಜೊತೇಲೇ ಬಂದೈತಲ್ಲ" ಅಂತ ತಂಗಿಯ ಮಗಳ ಜಡೆ ಎಳೆದ. ಸಿಟ್ಟಿದ್ದರೂ ಸೋದರಮಾವ ಸೋದರಮಾವನೇ.

ಕಾಲು ತೊಳೆದು, ಚಪ್ಪಲಿ ಹೊರಗೆ ಬಿಟ್ಟು, ಆಫೀಸು ಕೋಣೆಯ ಬೆಂಚಿನ ಮೇಲೆ ಇಬ್ಬರೂ ಕುಳಿತೆವು. ಮಾವ ತನ್ನ ಪಾಡಿಗೆ ಕೆಲಸ ಮಾಡಿದ. ಫೋನಿನಲ್ಲಿ ಹೇಳಿದ ರೈತರ ಹೆಸರನ್ನು ಒಂದು ಬೆರಳಿನಲ್ಲಿ ನಿಧಾನವಾಗಿ, ಒಂದಿಷ್ಟೂ ತಪ್ಪಿಲ್ಲದೆ ಕುಟ್ಟುತ್ತಿದ್ದ. ನೋಡಿ ನನಗೇ ಮೆಚ್ಚುಗೆಯಾಯಿತು. ಹುಡುಗಿ ಅವನ ಬೆರಳನ್ನೇ ನೋಡುತ್ತಿದ್ದಳು. ಮಧ್ಯಾಹ್ನವಾಯಿತು. ಒಳಗಿನಿಂದ ಅವನ ಹೆಂಡತಿ, "ಇಟ್ಟು ಆರೋಯ್ತದೆ, ಬನ್ನಿ" ಅಂದಳು. ಮಾವ ಕೊನೆಯ ಹೆಸರು ಹಾಕಿ 'ಉಳಿಸು' ಒತ್ತಿದ. ಎದ್ದ. ಬಾಗಿಲ ಪಕ್ಕದ ಗೋಡೆಯ ಮೇನ್ ಸ್ವಿಚ್ಚಿನ ಹತ್ತಿರ ಹೋದ. ಟಕ್ ಅಂತ ಮೇನು ಎಳೆದ. ಫ್ಯಾನು ನಿಂತಿತು, ಲೈಟು ಹೋಯಿತು, ಕಂಪ್ಯೂಟರು ಕಪ್ಪಾಯಿತು. ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು, "ಬನ್ನಿ ಅತ್ತೆಮ್ಮ, ಉಣ್ಣಣ" ಅಂದ.

ನಾನು ಎದ್ದೆ. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ನಮ್ಮ ಮನೆಯ ಯಜಮಾನರೂ ಪಂಪ್‌ಸೆಟ್ ಮನೆಯಲ್ಲಿ ಹಾಗೇ ಮಾಡುವುದು. ಕೆಲಸ ಮುಗಿಯಿತು ಅಂದರೆ ಮೇನು ಎಳೆಯಬೇಕು. ಅಪ್ಪಂದಿರು ಮಕ್ಕಳಿಗೆ ಹೇಳಿಕೊಟ್ಟ ಪಾಠ ಅದು. ಕರೆಂಟು ಬಂದು ಹೋಗಿ ಮೋಟಾರು ಸುಟ್ಟುಹೋದೀತು, ಎಲ್ಲೋ ತಂತಿ ತಗುಲೀತು ಅಂತ. ಹುಡುಗಿ ಮಾತ್ರ ಬೆಂಚಿನ ಮೇಲೆ ಕೂತಲ್ಲೇ ಬಾಯಿ ತೆರೆದಿದ್ದಳು. ಆಮೇಲೆ ನಗು ಹತ್ತಿತು ನೋಡಿ ಅವಳಿಗೆ! ಮಾವ ಗಾಬರಿಯಾದ.

"ಯಾಕವ್ವಾ, ಏನಾಯ್ತು?"

"ಮಾವ, ದಿನಾ ಹಿಂಗೇನಾ?"

"ಇನ್ನೆಂಗೆ? ಉಣ್ಣಕೋದಾಗ, ಮನೀಕಳಕೋದಾಗ, ಮಳವಳ್ಳಿಗೋದಾಗ. ಮೇನು ಎಳೀದೆ ಎದ್ದೋದ್ರೆ ನಮ್ಮಪ್ಪ ಸ್ವರ್ಗದಿಂದ ಇಳ್ದು ಬಂದು ಬಾರ್ಸ್ತಾನೆ."

"ಹುಳದ ಮನೆಗೆ?"

"ಅದರ ಲೈನೇ ಬ್ಯಾರೆ ಕಣವ್ವ, ಅದುನ್ನ ಮುಟ್ಟಲ್ಲ. ಇದು ಆಪೀಸು."

"ಕಂಪ್ಯೂಟರಿಗೆ ಅಂತ ಬ್ಯಾಟರಿ ಪೆಟ್ಟಿಗೆ ಇಡಿಸಿದ್ದೆನಲ್ಲ ಮಾವ, ಕರೆಂಟು ಹೋದರೂ ಹಿಡಿದು ನಿಲ್ಲಿಸೋದು. ಎಲ್ಲಿ ಅದು?"

ಮಾವ ಹಿಂದುಮುಂದು ನೋಡದೆ ಹೇಳಿದ: "ಅದಾ? ಉಳದ ಕ್ವಾಣೆ ಲೈಟ್ಗಾಕಿವ್ನಿ. ಕತ್ಲಲ್ಲಿ ಸೊಪ್ಪಾಕಕ್ಕಾಯ್ತದಾ? ಉಳ ದೊಡ್ಡದೋ, ನಿನ್ ಟೀವಿ ದೊಡ್ಡದೋ?"

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಿ ನೋಡೋಣ!

ಉಣ್ಣುವಾಗ ಅವಳು ಬಿಡಿಸಿ ಹೇಳಿದಳು. 'ಉಳಿಸು' ಒತ್ತಿದ ಕೂಡಲೇ ಕಂಪ್ಯೂಟರು ಹಳೆಯದನ್ನೆಲ್ಲ ಅಳಿಸಿ, ಪೂರ್ತಿ ಪಟ್ಟಿಯನ್ನು ಹೊಸದಾಗಿ ಬರೆಯಲು ಶುರುಮಾಡುತ್ತದೆ. ಬರೆದು ಮುಗಿಸುವುದಕ್ಕೆ ಒಂದು ಗಳಿಗೆ ಬೇಕು. ಮಾವ ಒತ್ತಿ ಎದ್ದು ಮೇನು ಎಳೆಯುವುದು ಸರಿಯಾಗಿ ಆ ಗಳಿಗೆಯೊಳಗೇ. ಅರ್ಧ ಬರೆದ ಕೈಯಿಂದ ಬಳಪ ಕಿತ್ತುಕೊಂಡ ಹಾಗೆ. ಹಳೆಯದೂ ಇಲ್ಲ, ಹೊಸದೂ ಪೂರ್ತಿ ಇಲ್ಲ, ಪಟ್ಟಿಯ ಬಾಲದಲ್ಲಿದ್ದ ಹೆಸರು ಹೋಯಿತು. ಅವಳ ಲ್ಯಾಪ್‌ಟಾಪಿಗೆ ಹೊಟ್ಟೆಯಲ್ಲೇ ಬ್ಯಾಟರಿ ಇರುವುದರಿಂದ ನಮ್ಮ ಜಗಲಿಯಲ್ಲಿ ಇದು ಎಂದೂ ಕಾಣುವ ಹಾಗಿರಲಿಲ್ಲ.

ಸಾಯಂಕಾಲ ಮನೆಗೆ ಬಂದಾಗ ನನ್ನ ಮಗ, ಅಂದರೆ ಅವಳ ಅಪ್ಪ, "ಸಿಕ್ತಲ್ಲ ಬುಡು. ಮೇನು ಎಳೀಬ್ಯಾಡ ಅಂತ ಬಾವಂಗೆ ಏಳದು, ಮುಗೀತು" ಅಂದ.

"ಇಲ್ಲಪ್ಪ" ಅಂದಳು ಇವಳು. "ಇವತ್ತು ಎಳೆಯಲ್ಲ ಅಂತಾರೆ, ನಾಳೆ ಕೈ ತಾನಾಗೇ ಹೋಗುತ್ತೆ. ಅವರು ಎಳೆಯದಿದ್ರೂ ಕರೆಂಟು ಹೋಗಲ್ವಾ? ಬದಲಾಗಬೇಕಾದ್ದು ಮಾವನ ಕೈ ಅಲ್ಲ, ನನ್ನ ಪ್ರೋಗ್ರಾಂ."

ನಾನು ಅವತ್ತು ಅವಳ ಮುಖ ನೋಡುತ್ತಾ ನಿಂತುಬಿಟ್ಟೆ. ಯಾರನ್ನೂ ದೂರದೆ ಅಷ್ಟು ದೊಡ್ಡ ಮಾತನ್ನು ಚಕ್ಕಳಮಕ್ಕಳ ಹಾಕಿಕೊಂಡು, ಬಾಯಲ್ಲಿ ಕಡಲೆಬೀಜ ಇಟ್ಟುಕೊಂಡು ಹೇಳಿದಳಲ್ಲ!

ಏನು ಮಾಡುತ್ತಾಳೆ ಅಂತ ಕೇಳಿದೆ. ಇನ್ನು ಮೇಲೆ ಹಳೆಯ ಪಟ್ಟಿಯನ್ನು ಮುಟ್ಟುವುದೇ ಇಲ್ಲವಂತೆ. ಹೊಸದನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯುವುದು, ಪೂರ್ತಿ ಬರೆದಿದೆಯಾ ಅಂತ ನೋಡುವುದು, ಸರಿಯಿದ್ದರೆ ಮಾತ್ರ ಹಳೆಯದರ ಜಾಗಕ್ಕೆ ಅದನ್ನು ಕೂರಿಸುವುದು. ನಡುವೆ ಕರೆಂಟು ಹೋದರೆ ಹೊಸದು ಕೆಟ್ಟೀತೇ ಹೊರತು ಹಳೆಯದು ಕೈಲಿರುತ್ತದೆ.

"ಓ, ಹೊಸ ಮೊಸರು ಹೆಪ್ಪಾಗೋಗಂಟ ಹಳೇ ಮೊಸರಿನ ಕುಡಿಕೆ ತೊಳೀಬಾರ್ದು ಅನ್ನು" ಅಂದೆ.

"ಅದೇ ಅಜ್ಜಿ! ನಾನು ಇಷ್ಟು ಹೊತ್ತು ಹೇಳಿದ್ದು ಅದೇ."

"ಅದುನ್ನ ಹೇಳಕ್ಕೆ ಕಾಲೇಜಿಗೆ ಯಾಕೋಗಿದ್ದೆ ಮತ್ತೆ?"

"ಕುಡಿಕೆ ತೊಳೆಯೋದು ಕಲಿಯಕ್ಕೆ" ಅಂದಳು. ಬಾಯಿ ಬಿಟ್ಟರೆ ತಾತನದೇ ಮಾತು.

ಬರೆದದ್ದಾಯಿತು. ಪರೀಕ್ಷೆ ಮಾಡುವುದು ಹೇಗೆ? ಲ್ಯಾಪ್‌ಟಾಪು ಉಪಯೋಗವಿಲ್ಲ. ಮದ್ದೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಅವಳ ಗೆಳತಿಯೊಬ್ಬಳು ಮಾವನದರಂಥದೇ ಹಳೆಯ ಪೆಟ್ಟಿಗೆಯೊಂದನ್ನು ಕೊಟ್ಟಳು. ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದು ಮೇಜಿನ ಮೇಲೆ ಕೂರಿಸಿದಳು. "ಅಜ್ಜಿ, ಈಗ ನಿನ್ನ ಕೆಲಸ. ಮೇನ್ ಸ್ವಿಚ್ ಹತ್ರ ನಿಂತ್ಕೋ. ನಾನು ಊಂ ಅಂದಾಗ ಎಳಿ. ಕೆಲವು ಸಲ ನಾನು ಏನೂ ಅನ್ನಲ್ಲ, ನಿನಗೆ ಯಾವಾಗ ಮನಸ್ಸು ಬರುತ್ತೋ ಆಗ ಎಳಿ."

ಆ ಒಂದು ದಿನ ನಾನು ನಮ್ಮ ಮನೆಯ ಲೈನ್‌ಮನ್! ಸ್ಟೂಲು ಹಾಕಿಕೊಂಡು ಮೇನಿನ ಪಕ್ಕ ಕುಳಿತೆ. ಅವಳು ಒತ್ತಿದಳು, ನಾನು ಎಳೆದೆ. ತಿರುಗಿ ಹಾಕಿದೆ. ಕಂಪ್ಯೂಟರು ಗೊಣಗುತ್ತ ಎದ್ದಿತು. ಅವಳು ನೋಡಿದಳು. "ಇದೆ! ಇನ್ನೊಂದ್ಸಲ." ಮತ್ತೆ ಎಳೆದೆ.

ಅಡುಗೆಮನೆಯಿಂದ ಸೊಸೆ, "ಅತ್ತೆ! ಕಾರ ಅರ್ಧ ರುಬ್ಬಿವ್ನಿ, ಮಿಕ್ಸಿ ನಿಂತೋಯ್ತು!"

"ತಾಳವ್ವ, ನಿನ್ ಮಗಳ ಪರೀಕ್ಸೆ ನಡೀತದೆ."

ಹಾಕಿದೆ. ಮಿಕ್ಸಿ ಗುರ್ ಅಂತು. ಎಳೆದೆ. ಮಿಕ್ಸಿ ಸತ್ತಿತು. ಪಡಸಾಲೆಯಿಂದ ತಾತ, "ಅಮ್ಮೀ, ವಾರ್ತೇಲಿ ನಾಲೆಗೆ ನೀರು ಬುಟ್ರು ಅನ್ನೋ ವತ್ಗೆ ಟೀವಿ ಆರ್ಸ್ತೀಯಲ್ಲ, ಬುಟ್ರಾ ಇಲ್ವಾ?" ಅಂದರು.

"ಗದ್ದೆ ತಾವ್ಕೋಗಿ ನೋಡಿ, ಗೊತ್ತಾಯ್ತದೆ!"

ಸೊಸೆ ಮೊದಮೊದಲು ರೇಗಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಮಗಳ ಬೆನ್ನ ಹಿಂದೆ ನಿಂತಳು. ಅಣ್ಣನ ಫೋನು ಬಂದ ದಿನದಿಂದ ಅವಳು ಆ ಮೇಜಿನ ಹತ್ತಿರ ಬಂದಿರಲಿಲ್ಲ. ಕೊನೆಗೆ, "ಅತ್ತೆ, ನೀವು ಏಳಿ, ನಾನ್ ಎಳೀತೀನಿ" ಅಂದಳು. ಎಳೆದಳು ನೋಡಿ, ನಾನೇ ಬೆಚ್ಚಿಬಿದ್ದೆ! ತವರಿನ ಸಿಟ್ಟೆಲ್ಲ ಆ ಹಿಡಿಯ ಮೇಲೆ ತೀರಿಸಿಕೊಂಡಳು ಅಂತ ಕಾಣುತ್ತದೆ. ಕಂಪ್ಯೂಟರು ತಿರುಗಿ ಎದ್ದಾಗ ಹೆಸರುಗಳೆಲ್ಲ ಇದ್ದವು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಮಿಕ್ಸಿ ಕಡೆ ಹೋದೆ.

ಹೀಗೆ ಬಂತು ಮೊನ್ನೆಯ ದಿನ. ಎರಡನೇ ಜ್ವರ ಎದ್ದ ಹುಳ, ತಂಪು ಹೊತ್ತಿನಲ್ಲೇ ಹಂಚಬೇಕು. ನಾವು ಮೂರು ಜನ ಹೆಂಗಸರೂ ಹಿಂದಿನ ದಿನವೇ ಹೋಗಿ ಉಳಿದಿದ್ದೆವು. ಬೆಳಕು ಹರಿಯುವಷ್ಟರಲ್ಲಿ ಅಂಗಳದಲ್ಲಿ ಆಟೋ, ಬೈಕು, ಟವೆಲ್ಲು, ಬೀಡಿ ವಾಸನೆ. ಹೋದ ಸಲ ಜಗಳವಾಡಿದ ರೈತ ಎಲ್ಲರಿಗಿಂತ ಮುಂದೆ ಬಂದು, "ಈ ಸಲ ನನ್ನ ಉಳ ಐತಾ, ಅದನ್ನೂ ನಿಮ್ ಕಂಪ್ಯೂಟ್ರು ಮೇಯ್ದೈತಾ?" ಅಂದ. ಜನ ನಕ್ಕರು. ಹುಡುಗಿ ತಲೆ ಎತ್ತದೆ ಅವನ ಹೆಸರು, ಊರು, ತಟ್ಟೆಯ ಸಾಲು ಓದಿ ಹೇಳಿದಳು. ಅವನ ತಟ್ಟೆಗಳು ಬಂದವು. ಅವನು ಬಗ್ಗಿ ಹುಳ ನೋಡಿದ, ಹಸಿರು ಸೊಪ್ಪಿನ ಮೇಲೆ ಬೆಳ್ಳಗೆ ಹೊರಳಾಡುತ್ತಿದ್ದವು. ತಾನೇ ಎತ್ತಿಕೊಂಡು ಹೋಗಿ ಆಟೋಗೆ ಇಟ್ಟುಕೊಂಡ.

ಅರ್ಧದಷ್ಟು ಜನ ಹೋಗಿದ್ದರು. ಮಾವ ಕುರ್ಚಿಯಲ್ಲಿ ಕುಳಿತು, ತಾನೇ ಒಂದು ಬೆರಳಿನಲ್ಲಿ, ಹೋದವರ ಮುಂದೆ ಗುರುತು ಹಾಕುತ್ತಿದ್ದ. ಒಳಗಿನಿಂದ ಹೆಂಡತಿ, "ಬನ್ನಿ, ಒಂದ್ ಲೋಟ ಕಾಪಿ ಕುಡ್ಕೊಂಡೋಗಿ" ಅಂದಳು. ಮಾವ ಒತ್ತಿದ. ಎದ್ದ. ಬಾಗಿಲ ಪಕ್ಕಕ್ಕೆ ಹೋದ.

ಸೊಸೆ ನನ್ನ ಕೈ ಹಿಡಿದಳು. "ಅಣ್ಣಾ" ಅನ್ನುವಷ್ಟರಲ್ಲಿ ಟಕ್!

ಕೋಣೆ ಕತ್ತಲಾಯಿತು. ಹಿಡಿಯ ಮೇಲೆ ಕೈ ಇಟ್ಟುಕೊಂಡೇ ಮಾವ ತಿರುಗಿ ನಮ್ಮನ್ನು ನೋಡಿದ. ತಾನು ಏನು ಮಾಡಿದೆ ಅನ್ನುವುದು ಅವನಿಗೆ ಆಗ ಹೊಳೆಯಿತು. "ಅಯ್ಯಯ್ಯೋ, ಕೆಟ್ಟೆ" ಅಂದ. ಹೊರಗೆ ಇನ್ನೂ ಅರ್ಧ ಜನ, ಒಳಗೆ ಅರ್ಧ ಹುಳ.

ಹುಡುಗಿ ಅಲ್ಲಾಡಲಿಲ್ಲ. "ಹಾಕಿ ಮಾವ" ಅಂದಳು, ಉಪ್ಪು ಹಾಕಿ ಅಂದಷ್ಟು ಸಲೀಸಾಗಿ.

ಹಾಕಿದ. ಹಳೆಯ ಕಂಪ್ಯೂಟರು ಎದ್ದು, ಕೆಮ್ಮಿ, ಮೈಮುರಿದು, ಬಾಗಿಲು ತೆರೆಯುವವರೆಗೆ ನಾನು ನಮ್ಮೂರಿನ ದೇವರು, ಬೀಗರ ಊರಿನ ದೇವರು, ದಾರಿಯಲ್ಲಿ ಸಿಕ್ಕ ದೇವರು, ಎಲ್ಲರನ್ನೂ ಕೂಗಿದೆ. ಪರದೆಯ ಮೇಲೆ ಹೆಸರುಗಳು ಬಂದವು. ಕೊಟ್ಟವರ ಮುಂದೆ ಗುರುತು, ಕೊಡಬೇಕಾದವರ ಮುಂದೆ ಖಾಲಿ. ಕೊನೆಗೆ ಒತ್ತಿದ್ದ ಒಂದೇ ಒಂದು ಗುರುತು ಮಾತ್ರ ಇರಲಿಲ್ಲ. ಅದಕ್ಕೂ ಪ್ರೋಗ್ರಾಮೇ ಬಾಯಿಬಿಟ್ಟು ಹೇಳಿತು: 'ಕರೆಂಟು ಹೋದಾಗ ಒಂದು ಕೆಲಸ ಅರ್ಧದಲ್ಲಿತ್ತು. ಕೊನೆಯದನ್ನು ಇನ್ನೊಮ್ಮೆ ನೋಡಿ.' ಮಾವ ಆ ಸಾಲನ್ನು ಬೆರಳಿಟ್ಟು ಗಟ್ಟಿಯಾಗಿ ಓದಿದ. ಓದಿ, ಆ ಒಂದು ಗುರುತು ತಿರುಗಿ ಹಾಕಿದ. ಆಮೇಲೆ ಕಾಪಿಗೂ ಹೋಗದೆ ಕೊನೆಯ ತಟ್ಟೆ ಅಂಗಳ ದಾಟುವವರೆಗೆ ಅಲ್ಲೇ ಕುಳಿತ.

"ಅಲ್ಲ ಕಣವ್ವ, ನಾನು ಎಳ್ದೇ ಎಳೀತೀನಿ ಅಂತ ಮೊದ್ಲೇ ಗೊತ್ತಿತ್ತಾ ನಿಂಗೆ?" ಅಂದ ಎಲ್ಲ ಮುಗಿದ ಮೇಲೆ.

"ನಿಮ್ಮ ಮೇಲೆ ನನಗೆ ಅಷ್ಟು ನಂಬಿಕೆ ಇತ್ತು ಮಾವ."

ಅಂಗಳದಲ್ಲಿ ಉಳಿದವರೆಲ್ಲ ಗೊಳ್ಳೆಂದರು. ಆವಾಗಲೇ ಅವನು ಆ ಮಾತು ಅಂದದ್ದು, ಇದು ಇನ್ಮೇಲೆ ನಮ್ಮನೇಲೇ ಇರ್ಲಿ ಅಂತ. ಅಂದು ಸುಮ್ಮನಾಗಲಿಲ್ಲ. ಪಕ್ಕದ ಊರಿನ ಚಾಕಿ ಮನೆಯವನಿಗೆ ಅಲ್ಲಿಂದಲೇ ಫೋನು ಹಚ್ಚಿ, "ಲೋ, ನಮ್ ಕೂಸು ಒಂದು ಮಾಡೈತೆ ಬಂದು ನೋಡ್ಲಾ. ಮೇನು ಎಳದ್ರೂ ಮರೆಯಲ್ಲ ಕಣ್ಲಾ!" ಅಂದ. ತಂಗಿಯ ಕಡೆ ತಿರುಗಿ, "ನೀನ್ಯಾಕವ್ವ ಅಳ್ತೀಯ, ನಡಿ, ನಾವೂ ನಿಮ್ಮೂರ್ಗೆ ಬತ್ತೀವಿ. ಕೋಳಿ ನಾನ್ ತತ್ತೀನಿ" ಅಂದ.

ಬಂದರು. ಆ ಸಾಯಂಕಾಲ ನಮ್ಮ ಪಡಸಾಲೆಯಲ್ಲಿ ಸಾಲಾಗಿ ಎಲೆ ಹಾಕಿದೆವು. ಮಾವ, ಅವನ ಹೆಂಡತಿ ಮಕ್ಕಳು, ನನ್ನ ಮಗ, ಸೊಸೆ, ನಮ್ಮ ಯಜಮಾನರು, ನಾನು. ಮೊಮ್ಮಗಳನ್ನು ನಡುವೆ ಕೂರಿಸಿ, ಮೊದಲ ಮುದ್ದೆ ಅವಳ ಎಲೆಗೆ ಇಟ್ಟೆ. ಸೊಸೆ ಅವತ್ತಿನ ಸಾರಿಗೆ ಕಾರವನ್ನು ಒಂದೇ ಉಸಿರಿಗೆ ರುಬ್ಬಿದ್ದಳು, ಯಾರೂ ಮೇನಿನ ಹತ್ತಿರ ಸುಳಿಯಕೂಡದು ಅಂತ ಬಾಗಿಲಲ್ಲಿ ನನ್ನ ಮಗನನ್ನು ಕಾವಲು ನಿಲ್ಲಿಸಿ. ನಾಟಿ ಕೋಳಿ ಸಾರಿನ ಹಬೆ, ಮುದ್ದೆಯ ಹಬೆ, ಮಾತಿನ ಹಬೆ. ಮಾವ ಆ 'ಅಯ್ಯಯ್ಯೋ ಕೆಟ್ಟೆ' ಅಂದದ್ದನ್ನು ತಾನೇ ಅಣಕಿಸಿ ತೋರಿಸಿದ.

ಅಷ್ಟರಲ್ಲಿ ಫಕ್ಕನೆ ಕರೆಂಟು ಹೋಯಿತು.

ಬಾಗಿಲಿನಿಂದ ಬರುತ್ತಿದ್ದ ಸಂಜೆಯ ಬೆಳಕಿನಲ್ಲಿ ಎಲ್ಲರ ಮುಖವೂ ಒಟ್ಟಿಗೆ ಮಾವನ ಕಡೆ ತಿರುಗಿದ್ದು ಕಂಡಿತು. ಅವನು ಸಾರು ಬಳಿದುಕೊಂಡಿದ್ದ ಕೈಯನ್ನೂ ಬಳಿಯದ ಕೈಯನ್ನೂ ಮೇಲೆತ್ತಿ, "ನಾನಲ್ಲ ಕಣ್ರವ್ವ! ಇಲ್ಲೇ ಕುಂತಿವ್ನಿ!" ಅಂದ.

ಮೊಮ್ಮಗಳು ನಗುತ್ತಲೇ ಮುದ್ದೆ ಮುರಿದು ಸಾರಿಗೆ ಅದ್ದಿದಳು. ನಾನು ತಡಕಾಡಿಕೊಂಡು ಪಾತ್ರೆ ಎತ್ತಿ ಅವಳ ಎಲೆಗೆ ಇನ್ನೊಂದು ಸೌಟು ಬಡಿಸಿದೆ. ಕರೆಂಟಿಗೆ ಯಾರೂ ಕಾಯಲಿಲ್ಲ, ಎಲ್ಲರೂ ಉಂಡೆವು.